ಎಳ್ಳಮಾಸಿಗೆ ಠಾಣಾ ಕುಶನೂರಿಗೆ

ಪ್ರವಾಸ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ತಿರುಪತಿ, ಧರ್ಮಸ್ಥಳ, ಇಲ್ಲವೇ ಬೇಸಿಗೆಯಲ್ಲಿ ಊಟಿ. ನಾನು ಈ ಸಲ ನಿಮ್ಮನ್ನು ಕರೆದುಕೊಂಡು ಹೋಗುವ ಊರಿನಲ್ಲಿ ನೋಡಲು ಕೋಟೆಯಿಲ್ಲ, ಕೊಳ್ಳಲು ಸೀರೆಯಿಲ್ಲ. ಹೆಸರು ಠಾಣಾ ಕುಶನೂರ. ಬೀದರ ಜಿಲ್ಲೆಯ ಔರಾದ ಕಡೆಯ ಹೋಬಳಿ ಊರು. ಬೀದರವನ್ನು ಕರ್ನಾಟಕದ ಕಿರೀಟ ಎನ್ನುತ್ತಾರಲ್ಲ, ಹಾಗಾದರೆ ಇದು ಕಿರೀಟದ ಅಂಚು ಎನ್ನಬೇಕು. ಇನ್ನಷ್ಟು ಮುಂದೆ ಹೋದರೆ ಮಹಾರಾಷ್ಟ್ರ.

ನನ್ನ ನಾದಿನಿ ಅಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಹತ್ತಿರದ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ. ಹಳ್ಳಿಯ ಹೆಸರು ಬೇಡ, ಅಲ್ಲಿನವರಿಗೆ ಮುಜುಗರ ಆದೀತು. "ವೈನಿ, ಈ ಸಲ ಎಳ್ಳಮಾಸಿಗೆ ನಮ್ಮ ಕಡೆ ಬರ್ರಿ, ಹೊಲದಾಗ ಭಜ್ಜಿ ಊಟ ಮಾಡೋಣು" ಎಂದು ಮೂರು ವರ್ಷದಿಂದ ಕರೆಯುತ್ತಲೇ ಇದ್ದಳು. ಕೊರೋನಾ ಕಳೆದು, 2022ರ ಡಿಸೆಂಬರಿನಲ್ಲಿ ಅಂತೂ ಹೊರಟೆ. ಆ ವರ್ಷ ಎಳ್ಳಮಾಸಿ 23ನೇ ತಾರೀಖು ಶುಕ್ರವಾರ ಬಂದಿತ್ತು. ನಾನು ಹಿಂದಿನ ಶನಿವಾರವೇ ಹೋಗಿ ಒಂದು ವಾರ ಉಳಿದೆ. ಮನೆಯವರು, "ಒಂದು ವಾರ ಅಲ್ಲೇನು ಮಾಡ್ತಿ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ನಮ್ಮದು ಭಾಲ್ಕಿ. ಅಲ್ಲಿಂದ ಬಸ್ಸು ಹತ್ತಿ, ಮಾಂಜ್ರಾ ನದಿ ದಾಟಿದರೆ ಹೊಲಗಳ ಬಣ್ಣ ನೋಡುವುದೇ ಒಂದು ಹಬ್ಬ. ಡಿಸೆಂಬರಿನಲ್ಲಿ ತೊಗರಿ ಕಾಯಿ ಕಟ್ಟಿ ನಿಂತಿರುತ್ತದೆ, ಬಿಳಿಜೋಳ ಸೊಂಟದೆತ್ತರ, ನಡುನಡುವೆ ಕಡಲೆಯ ಹಸಿರು ಮಡಿ. ಕಪ್ಪು ಬಿಳಿ ಮಚ್ಚೆಯ ದೇವಣಿ ದನಗಳು ದಾರಿಯ ಪಕ್ಕ ಮೇಯುತ್ತಿರುತ್ತವೆ. ಬಸ್ಸಿನೊಳಗೆ ಒಂದು ಸೀಟಿನಲ್ಲಿ ಕನ್ನಡ, ಮುಂದಿನ ಸೀಟಿನಲ್ಲಿ ಮರಾಠಿ, ಹಿಂದೆ ಉರ್ದು, ಬಾಗಿಲಲ್ಲಿ ನಿಂತ ತಾಂಡಾದ ಹೆಂಗಸರದು ಲಂಬಾಣಿ. ಕಂಡಕ್ಟರನಿಗೆ ಎಲ್ಲವೂ ಬರುತ್ತದೆ, ಚಿಲ್ಲರೆ ಒಂದನ್ನು ಬಿಟ್ಟು.

ಇಷ್ಟು ಭಾಷೆ ಒಂದೇ ಬಸ್ಸಿನಲ್ಲಿ ಹೇಗೆ ಬಂದವು ಎಂದು ಹೊರಗಿನವರು ಕೇಳುತ್ತಾರೆ. ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ ಆ ಕಡೆ, ಜಹೀರಾಬಾದ್ ಈ ಕಡೆ, ನಾವು ಮೈಸೂರು ರಾಜ್ಯಕ್ಕೆ. ಗಡಿ ಗೆರೆ ಬಿತ್ತೇ ಹೊರತು ಬೀಗತನ ಎಲ್ಲಿ ನಿಂತೀತು! ಇವತ್ತಿಗೂ ಸೊಸೆ ಆ ಕಡೆಯಿಂದ, ಮಗಳು ಈ ಕಡೆಗೆ.

ನಿಜಾಮರ ಕಾಲದಲ್ಲಿ ಶಾಲೆಯ ಭಾಷೆ ಉರ್ದು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದ್ದೇವರು ಆಗ ಏನು ಮಾಡಿದರೆಂಬುದನ್ನು ನಮ್ಮ ಕಡೆ ಮಕ್ಕಳಿಗೂ ಹೇಳುತ್ತೇವೆ. ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನಮ್ಮ ಅಜ್ಜಿಯ ಬಾಯಲ್ಲಿ ಈ ಕಥೆ ಕೇಳುವಾಗ ನಾನು, ಬೋರ್ಡು ಒಂದು ಪಾಠ ಒಂದು ಎಂದರೆ ಮೋಸವಲ್ಲವೇ ಎಂದು ಕೇಳಿದ್ದೆ. ಅಜ್ಜಿ, "ಮನಿ ಮಾತು ಸಾಲಿಯಾಗ ಬರಲಿ ಅಂತ ಮಾಡಿದ್ದು ಮೋಸ ಅಲ್ಲವಾ" ಎಂದಿದ್ದಳು. ಆ ಮಾತು ಈ ಪ್ರವಾಸದಲ್ಲಿ ಮತ್ತೆ ಮತ್ತೆ ನೆನಪಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ನಾದಿನಿಯ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಶನಿವಾರ ಬೆಳಗಿನ ಶಾಲೆಯಲ್ಲವೇ, ಅವಳು ಬಂದು ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು, ಅದರ ಮೇಲೆ ಕತ್ತರಿ, ಬಣ್ಣದ ಪೆನ್ನು, ಹಳೆಯ ಮದುವೆ ಪತ್ರಿಕೆಗಳ ರಾಶಿ. "ಏನಿದು?" ಎಂದೆ. "ವೈನಿ, ಈಗ ನಾಲ್ಕು ಮಂದಿ ಬರ್ತಾರ. ಬೇಜಾರ ಮಾಡ್ಕೋಬ್ಯಾಡ್ರಿ" ಎಂದಳು.

ಒಬ್ಬೊಬ್ಬರಾಗಿ ಬಂದರು. ಅವಳ ಶಾಲೆಯ ಹೆಡ್ ಮಾಸ್ತರರು, ನಿವೃತ್ತಿಗೆ ಎರಡೇ ವರ್ಷ. ಮಂಡ್ಯದ ಕಡೆಯ ಒಬ್ಬ ಹುಡುಗಿ, ನೌಕರಿ ಸಿಕ್ಕು ಇನ್ನೂ ಒಂದೂವರೆ ವರ್ಷ. ಪಕ್ಕದ ಮರಾಠಿ ಶಾಲೆಯ ಒಬ್ಬ ಸರ್. ಕೊನೆಗೆ ಬಂದವರು ಸಿ.ಆರ್.ಪಿ., ಅಂದರೆ ಸುತ್ತಲಿನ ಹತ್ತಾರು ಶಾಲೆಗಳಿಗೆ ಹೋಗಿ ಬರುವ ಸಂಪನ್ಮೂಲ ವ್ಯಕ್ತಿ. ಅವರ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಸರಕಾರಿ ಶಾಲೆಯ ಮಾಸ್ತರರೆಂದರೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ತಿಂಗಳಾದರೆ ಪಗಾರ, ಬೇಸಿಗೆ ರಜೆ, ದಸರೆ ರಜೆ. ನಿಮ್ಮಲ್ಲೂ ಕೆಲವರು ಹಾಗೇ ಅಂದುಕೊಂಡಿರಬಹುದು. ನನಗೆ ಅದಕ್ಕೊಂದು ಕಾರಣವೂ ಇತ್ತು. ನನ್ನ ದೊಡ್ಡ ಮಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ. ಒಂದನೇ ತರಗತಿಯಲ್ಲೇ ಅವನಿಗೆ ಓದಿನ ಮೇಲೆ ಮನಸ್ಸು ಮುರಿದಿತ್ತು. ಒಂದು ದಿನ ಪುಸ್ತಕದ ಚಿತ್ರ ತೋರಿಸಿ ಕೇಳಿದಾಗ ಅವನು 'ಶೇಂಗಾ' ಎಂದನಂತೆ. ಅಲ್ಲಿ ಬರೆದಿದ್ದದ್ದು 'ಕಡಲೆಕಾಯಿ'. ತರಗತಿಯೆಲ್ಲ ನಕ್ಕಿತು. ಮನೆಗೆ ಬಂದು ಹೇಳಿದಾಗ ಸಮಾಧಾನ ಮಾಡುವುದು ಬಿಟ್ಟು ನಾನೂ ತಲೆಯ ಮೇಲೆ ಒಂದು ಮೊಟಕಿ, "ಪುಸ್ತಕದಾಗ ಇದ್ದದ್ದು ಓದೋ" ಎಂದೆ. ಒಂದು ಚಿತ್ರದಿಂದ ಓದು ನಿಂತಿತು ಎಂದು ನಾನು ಹೇಳುವುದಿಲ್ಲ. ಆದರೆ ಅವನು ಆಮೇಲೆ ಗಟ್ಟಿಯಾಗಿ ಓದುವುದನ್ನು ಬಿಟ್ಟ. ಈಗ ಗ್ಯಾರೇಜಿನಲ್ಲಿ ಕೆಲಸ. ಮೋಟಾರ್ ಸೈಕಲ್ಲಿನ ಸದ್ದು ಕೇಳಿ ರೋಗ ಹೇಳುತ್ತಾನೆ, ಬಿಲ್ಲು ಬರೆಯುವಾಗ ಮಾತ್ರ ಬೇರೆಯವರನ್ನು ಕರೆಯುತ್ತಾನೆ.

ಇರಲಿ, ಪಡಸಾಲೆಗೆ ಬರೋಣ. ನಾನು ಒಳಗೆ ಚಹಾ ಕುದಿಸುತ್ತ ಕಿವಿ ಅಲ್ಲೇ ಇಟ್ಟಿದ್ದೆ. ಆ ಮಂಡ್ಯದ ಹುಡುಗಿಯ ತರಗತಿಯಲ್ಲಿ ಎಂಟು ಮಕ್ಕಳು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿವೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿತ್ತಲ್ಲ, 2020ರ ಮಾರ್ಚಿನಿಂದ. ನಡುವೆ 'ವಿದ್ಯಾಗಮ' ಎಂದು ಟೀಚರುಗಳೇ ಗುಡಿ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಿ ಕಲಿಸಿದರು, ಅದೂ ನಿಂತು ನಿಂತು ನಡೆಯಿತು. 2022ರಲ್ಲಿ 'ಕಲಿಕಾ ಚೇತರಿಕೆ' ಎಂದು ವರ್ಷವಿಡೀ ಹಿಂದಿನದನ್ನು ತುಂಬಿಸುವ ಕೆಲಸ ನಡೆದಿತ್ತು. ಆದರೂ ಈ ಎಂಟು ಮಕ್ಕಳು ಬಾಯಿ ಬಿಡುತ್ತಿಲ್ಲ. "ನಾನು ಮಾತಾಡೋದೇ ಅವಕ್ಕೆ ಅರ್ಥ ಆಗಲ್ಲ ಸಾರ್. ಅವು ಹೇಳೋದು ನಂಗೆ ಅರ್ಥ ಆಗಲ್ಲ. ನಾನು ವರ್ಗಾವಣೆಗೆ ಹಾಕ್ತೀನಿ" ಎನ್ನುವಾಗ ಅವಳ ದನಿ ಒಡೆದಿತ್ತು. ನನಗೆ ಚಹಾ ಸೋಸುವುದೇ ಮರೆತುಹೋಯಿತು.

ಹೆಡ್ ಮಾಸ್ತರರು ಬೈಯಬಹುದು ಅಂದುಕೊಂಡೆ. ಅವರು, "ಕೂಡಿ ಹೊಸಾ ಕಾರ್ಡ್ ಮಾಡೋಣು, ತಡೀ" ಎಂದರು.

ಕಾರ್ಡು ಎಂದರೆ ನಲಿ-ಕಲಿಯದು. ನಿಮ್ಮ ಮನೆಯ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದ್ದರೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ, ನಾದಿನಿ ರಾತ್ರಿ ನನಗೆ ಹೇಳಿದ್ದನ್ನು ಇಲ್ಲಿ ಹೇಳುತ್ತೇನೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟರು, ಟೀಚರುಗಳು ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿ ಸುತ್ತಲ ಹಳ್ಳಿಗಳಲ್ಲಿ ಒಂದೇ ಕೋಣೆಯ ಶಾಲೆಗಳು. ಮಕ್ಕಳು ಪುಸ್ತಕದ ಬದಲು ಕಾರ್ಡು ಹಿಡಿದು, ತಮ್ಮ ತಮ್ಮ ಓಟದಲ್ಲಿ ಕಲಿಯುತ್ತಿದ್ದರು. ನೋಡಿ ಬಂದವರು ಅದನ್ನೇ ಹಾಗೆ ಎತ್ತಿ ತರಲಿಲ್ಲ. ಯುನಿಸೆಫ್ ನೆರವಿನಿಂದ ಕೂಡಿ ಕುಳಿತರು. ನಮ್ಮ ಸರಕಾರಿ ಪುಸ್ತಕದಲ್ಲಿ ಮಗು ಏನೇನು ಕಲಿಯಬೇಕೆಂದಿದೆ, ಅದನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿದರು. ಮೆಟ್ಟಿಲು ಸೇರಿದರೆ ಮೈಲಿಗಲ್ಲು, ಮೈಲಿಗಲ್ಲು ಸೇರಿದರೆ ಕಲಿಕಾ ಏಣಿ. ಒಂದೊಂದು ಬಗೆಯ ಕೆಲಸಕ್ಕೆ ಪ್ರಾಣಿ ಪಕ್ಷಿಯ ಗುರುತು, ಓದಲು ಬಾರದ ಮಗುವೂ ಗುರುತು ನೋಡಿ ತನ್ನ ಕಾರ್ಡು ತಾನೇ ತೆಗೆದುಕೊಳ್ಳಲೆಂದು. ಹಾಡು ಕಟ್ಟಿದರು, ಚಿತ್ರ ಬರೆದರು, ತರಗತಿಯಲ್ಲಿ ಇಟ್ಟು ನೋಡಿದರು, ಸರಿಬಾರದ್ದನ್ನು ಹರಿದು ಹಾಕಿದರು. ಮಕ್ಕಳು ಸಾಲಾಗಿ ಕೂರುವುದು ಬಿಟ್ಟು 'ತಟ್ಟೆ' ಎಂಬ ಗುಂಪುಗಳಲ್ಲಿ ನೆಲದ ಮೇಲೆ ಕೂತರು. ಒಂದು ತಟ್ಟೆಗೆ ಟೀಚರ್ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಗೆಳೆಯರೇ ಗುರುಗಳು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರ. ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ.

"ವೈನಿ, ಅದರಾಗ ಮಕ್ಕಳು ಕಲ್ತರು ಅಂತ ಎಲ್ಲರೂ ಹೇಳ್ತಾರ. ಆದ್ರ ಮೊದಲು ಕಲ್ತವ್ರು ಆ ಮಾಸ್ತರುಗಳೇ" ಎಂದಳು ನಾದಿನಿ. ನೀವೇ ಯೋಚಿಸಿ, ಅಡಿಗೆ ಪುಸ್ತಕ ನೋಡಿ ಮಾಡುವವಳಿಗೂ, ಯಾವುದಕ್ಕೆ ಯಾವುದು ಹಾಕಿದರೆ ಏನಾಗುತ್ತದೆಂದು ತಿಳಿದು ಮಾಡುವವಳಿಗೂ ವ್ಯತ್ಯಾಸ ಇದೆಯಲ್ಲವೇ? ಮಗು ಎಲ್ಲಿ ಎಡವುತ್ತದೆಂದು ತಿಳಿಯದೆ ಮೆಟ್ಟಿಲು ಕಟ್ಟಲು ಬರುವುದಿಲ್ಲ. ಕಟ್ಟುತ್ತಾ ಕಟ್ಟುತ್ತಾ ಅವರಿಗೆ ಅದು ತಿಳಿಯಿತು.

2009-10ರಲ್ಲಿ ನಲಿ-ಕಲಿ ಇಡೀ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ. ಒಳ್ಳೆಯದೇ ಆಯಿತು. ಆದರೆ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ಮಾಡಿದವರು ಬೇರೆ, ಹಂಚುವವರು ಬೇರೆ. ಹೊಸ ಟೀಚರಿಗೆ ತರಬೇತಿಯಲ್ಲಿ ಯಾವ ಕಾರ್ಡಿನ ನಂತರ ಯಾವುದು ಎಂದು ತಿಳಿಯಿತೇ ಹೊರತು, ಯಾಕೆ ಎಂಬುದು ಅಷ್ಟಾಗಿ ತಿಳಿಯಲಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾಗಿ, ಶಿಕ್ಷಕರೂ ವಿಜ್ಞಾನಿಗಳೂ ಕೂಡಿ ವಿಜ್ಞಾನದ ಪಾಠ ಕಟ್ಟಿದ್ದರಂತೆ. ತಿಂಗಳಿಗೊಮ್ಮೆ ಸಭೆ ಸೇರಿ, ಪಾಠ ಹೇಗೆ ನಡೆಯಿತೆಂದು ತಮ್ಮ ತಮ್ಮಲ್ಲೇ ವಾದ ಮಾಡುತ್ತಿದ್ದರು. ಮೂವತ್ತು ವರ್ಷ ನಡೆದ ಆ ಕೆಲಸವನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ಜಪಾನಿನಲ್ಲಿ ಮಾತ್ರ ನೂರು ವರ್ಷಕ್ಕೂ ಹೆಚ್ಚಿನಿಂದ ಒಂದು ಪದ್ಧತಿ ಉಳಿದು ಬಂದಿದೆ. ನಾಲ್ಕೈದು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ತಯಾರು ಮಾಡುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ಟೀಚರನ್ನಲ್ಲ, ಮಕ್ಕಳ ಮುಖ ನೋಡುತ್ತಾರೆ. ಆಮೇಲೆ ಕೂತು ತಿದ್ದುತ್ತಾರೆ. ಠಾಣಾ ಕುಶನೂರಿನ ಪಡಸಾಲೆಯಲ್ಲಿ ನಡೆದದ್ದೂ ಇದೇ, ಜೊತೆಗೆ ಮಿರ್ಚಿ ಭಜಿ.

ನಲಿ-ಕಲಿಯಲ್ಲಿ 'ಅ ಆ ಇ ಈ' ಎಂದು ಶುರುವಾಗುವುದಿಲ್ಲ, ಗೊತ್ತೇ? ಮೊದಲು ಬರುವ ಅಕ್ಷರ ಐದೇ: ರ, ಗ, ಸ, ದ, ಅ. ಬರೆಯಲು ಸುಲಭ, ಕೂಡಿಸಿದರೆ ಪದ. ಸರ, ದರ, ರಸ, ಅರಸ, ಅಗಸ. ಮುಂದಿನ ಐದು: ಜ, ವ, ಮ, ಬ, ನ. ಹತ್ತು ಅಕ್ಷರ ಬಂದರೆ ಮಗು ಮರ, ಜನ, ದನ, ನಗರ ಎಲ್ಲ ಓದಬಹುದು. ನಾವು ಐವತ್ತು ಅಕ್ಷರ ಮುಗಿಸುವವರೆಗೆ ಒಂದು ಪದ ಓದಲಾರದೆ ಕೂತಿದ್ದೆವು!

ಅವರು ಮಾಡುತ್ತಿದ್ದ ಕೆಲಸ ಇಷ್ಟೆ. ಈ ಹತ್ತು ಅಕ್ಷರದೊಳಗೇ, ಈ ಊರಿನ ಮಕ್ಕಳ ಬಾಯಲ್ಲಿ ಆಗಲೇ ಇರುವ ಪದ ಹುಡುಕುವುದು. 'ದನ' ಎಂದರು ಒಬ್ಬರು. 'ಬಸವ' ಎಂದರು ಇನ್ನೊಬ್ಬರು, ಬಸವಕಲ್ಯಾಣದ ಜಿಲ್ಲೆಯಲ್ಲಿ ಅದು ಬರದಿದ್ದರೆ ಹೇಗೆ! ಮರಾಠಿ ಶಾಲೆಯ ಸರ್ 'ಮದರಸ' ಎಂದರು. ಬೀದರದಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸ ಇದೆಯಲ್ಲ, ನೀಲಿ ಹಂಚಿನ ಮಿನಾರಿನದು. ಎಲ್ಲರಿಗೂ ಖುಷಿಯಾಯಿತು. ಆಮೇಲೆ ಹತ್ತು ನಿಮಿಷ ಯಾರಿಗೂ ಪದ ತೋಚಲಿಲ್ಲ. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದವಳು ಬಾಗಿಲಿಗೆ ಬಂದು, "ಮಸರ ಆಗಂಗಿಲ್ಲೇನ್ರಿ?" ಎಂದೆ.

ಮ, ಸ, ರ. ನಾದಿನಿ ಚಪ್ಪಾಳೆ ಹೊಡೆದಳು. ಹೆಡ್ ಮಾಸ್ತರರ ಮುಖ ಗಂಟಿಕ್ಕಿತು. "ಅದು ಮೊಸರು ರೀ. ಮಸರ ಅಲ್ಲ. ತಪ್ಪು ಕಲಿಸಬಾರದು."

ಅಲ್ಲಿಂದ ಒಂದು ಗಂಟೆ ಜಗಳ. ಜಗಳವೇ ಅನ್ನಬೇಕು. ಮಾಸ್ತರರು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ಅವರು ಹುಡುಗರಾಗಿದ್ದಾಗ ತರಬೇತಿಗೆ ದೂರದ ಊರಿಗೆ ಹೋಗಿದ್ದರಂತೆ. ಹೋಟೆಲಿನಲ್ಲಿ "ಮಸರ ಕೊಡ್ರಿ" ಎಂದರೆ ಮಾಣಿಯೂ, ಪಕ್ಕದ ಮೇಜಿನವರೂ ನಕ್ಕರಂತೆ. "ಅವತ್ತೇ ಶಪಥ ಮಾಡಿದೆ. ನನ್ನ ಮಕ್ಕಳು ಎಲ್ಲಿ ಹೋದ್ರೂ ಯಾರೂ ನಗಬಾರದು. ಬೀದರದವರ ಕನ್ನಡ ಕನ್ನಡನೇ ಅಲ್ಲ ಅನ್ನಿಸ್ಕೋಬಾರದು" ಎಂದರು. ಮೂವತ್ತು ವರ್ಷದ ಮೇಲೂ ಅದನ್ನು ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ಆಗ ಆ ಮಂಡ್ಯದ ಹುಡುಗಿ ಮೆಲ್ಲಗೆ, "ಸಾರ್, ನಮ್ಮೂರಲ್ಲೂ ನಾವು ಪುಸ್ತಕದಂಗೆ ಮಾತಾಡಲ್ಲ. 'ಬತ್ತೀನಿ', 'ಹೋಯ್ತಾವ್ನೆ' ಅಂತೀವಿ. ಪುಸ್ತಕದ ಕನ್ನಡ ನಂಗೂ ಶಾಲೇಲೇ ಬಂದದ್ದು" ಎಂದಳು. ಮರಾಠಿ ಸರ್ ನಕ್ಕು, "ನಮ್ಮ ಮರಾಠಿಗೂ ಪುಣೆಯವರು ನಗ್ತಾರ್ರಿ" ಎಂದರು. ನಾನು ನನ್ನ ಮಗನ ಶೇಂಗಾದ ಕಥೆ ಹೇಳಿದೆ. ಮೊಟಕಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಮಾಸ್ತರರೇ ದಾರಿ ತೆಗೆದರು. ಕಾರ್ಡಿನ ಒಂದು ಬದಿ ಗಡಿಗೆಯ ಚಿತ್ರ, 'ಮಸರ'. ಇನ್ನೊಂದು ಬದಿ ಅದೇ ಗಡಿಗೆ, 'ಮೊಸರು'. ಒತ್ತು, ಗುಣಿತ ಬಂದ ಮೇಲೆ ಕಾರ್ಡು ತಿರುವಿಸುವುದು. "ಮನಿಯಿಂದ ಹೊರಡ್ಲಿ, ಆದ್ರ ಹೊರಡಲೇಬೇಕು" ಎಂದರು.

ಸೋಮವಾರ ಮಾಸ್ತರರ ಒಪ್ಪಿಗೆ ಪಡೆದು ನಾನೂ ಶಾಲೆಗೆ ಹೋದೆ. ಬಾಗಿಲ ಹತ್ತಿರ ಕೂತೆ. ಆ ಹುಡುಗಿ ಎಂಟು ಮಕ್ಕಳ ತಟ್ಟೆಯಲ್ಲಿ, ನಾದಿನಿ ಕಿಟಕಿಯ ಹತ್ತಿರ ನೋಟ್‌ಬುಕ್ ಹಿಡಿದು.

'ದನ' ಸುಲಭವಾಗಿ ಹೋಯಿತು. 'ಮದರಸ' ಬಿದ್ದುಹೋಯಿತು. ಎಂಟರಲ್ಲಿ ಇಬ್ಬರು ಮಾತ್ರ ಬೀದರ ನೋಡಿದ್ದರು, ಉಳಿದವರಿಗೆ ಅದು ಯಾವುದೋ ಮನೆ. 'ಅರಸ' ಯಾರಿಗೂ ಗೊತ್ತಿಲ್ಲ, ಅವರಿಗೆ ಗೊತ್ತಿರುವುದು ರಾಜ. 'ಸರ' ಎಂಬ ಕಾರ್ಡಿನಲ್ಲಿ ಮುತ್ತಿನ ಸರದ ಚಿತ್ರ ಇತ್ತು. ಒಬ್ಬ ಹುಡುಗ ಅಕ್ಷರ ಕೂಡಿಸಿ 'ಸ…ರ' ಎಂದವನೇ ಎದ್ದು ನಿಂತು ವರಾಂಡದಲ್ಲಿದ್ದ ಹೆಡ್ ಮಾಸ್ತರರನ್ನು ತೋರಿಸಿದ! ಅವರೂ ನಕ್ಕುಬಿಟ್ಟರು.

ನಗು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ಕಾರ್ಡು 'ಅಗಸ'. ನಾವು ನೀವೆಲ್ಲ 'ಅ' ಅಂದರೆ 'ಅಗಸ' ಎಂದೇ ಕಲಿತವರು. ಒಂದು ಮಗು ಓದಿತು. ಓದಿದ ಕೂಡಲೇ ಏಳು ತಲೆಗಳು ಒಬ್ಬ ಹುಡುಗನ ಕಡೆ ತಿರುಗಿದವು. ಅವನ ಮನೆಯವರು ಬಟ್ಟೆ ಒಗೆಯುವವರು. ಅವನು ತಲೆ ತಗ್ಗಿಸಿ ನೆಲದ ಮೇಲೆ ಬೆರಳಿಂದ ಗೆರೆ ಎಳೆಯತೊಡಗಿದ. ಆ ಮೇಲೆ ಅವತ್ತು ಅವನು ಒಂದು ಕಾರ್ಡೂ ಮುಟ್ಟಲಿಲ್ಲ. ಕಲಿಸುತ್ತಿದ್ದ ಹುಡುಗಿಗೆ ಅದು ಕಾಣಲಿಲ್ಲ, ಅವಳು ಮುಂದಿನ ಕಾರ್ಡು ಹುಡುಕುತ್ತಿದ್ದಳು. ಕಿಟಕಿಯ ಹತ್ತಿರ ಇದ್ದ ನಾದಿನಿ ನೋಡಿದಳು. ಕಲಿಸುವವರ ಹಿಂದೆ ಇನ್ನೊಂದು ಜೊತೆ ಕಣ್ಣು ಯಾಕೆ ಬೇಕೆಂಬುದು ನನಗೆ ಅವತ್ತು ತಿಳಿಯಿತು.

ಕೊನೆಗೆ 'ಮಸರ'. ಯಾವತ್ತೂ ಬಾಯಿ ಬಿಡದ ಒಂದು ಹೆಣ್ಣು ಮಗು ಮೂರು ಅಕ್ಷರಕ್ಕೂ ಬೆರಳಿಟ್ಟು ಓದಿ, "ನಮ್ಮವ್ವ ಮಾಡ್ತಾಳ" ಎಂದಳು. ಅಷ್ಟೇ. ಮತ್ತೆ ಓದಿದಳು. ಪಕ್ಕದವಳಿಗೆ ತೋರಿಸಿ ಓದಿದಳು.

ಬುಧವಾರ ಸಂಜೆ ಮತ್ತೆ ಪಡಸಾಲೆ ತುಂಬಿತು. ಮಾಸ್ತರರು ಒಂದು ಪಾಟಿ ತಂದಿದ್ದರು. ಮೊಸರು ಬರೆಯಬಲ್ಲ ದೊಡ್ಡ ಹುಡುಗನೊಬ್ಬ ಈಗ ಕಾರ್ಡು ನೋಡಿ 'ಮಸರ' ಎಂದು ಬರೆದಿದ್ದ. "ನೋಡ್ರಿ, ನಾ ಹೇಳಿದ್ದೆ" ಎಂದರು. ಅದಕ್ಕೆ ಯಾರಲ್ಲೂ ಪೂರ್ತಿ ಉತ್ತರ ಇರಲಿಲ್ಲ. ಓದಲು ಬಂದವರ ಕೈಗೆ ತಿರುವಿದ ಬದಿಯೇ ಕೊಡಬೇಕು ಎಂದು ಬರೆದುಕೊಂಡರು. 'ಅಗಸ' ಕಾರ್ಡನ್ನು ನಾದಿನಿ ಎತ್ತಿ ಬದಿಗಿಟ್ಟಳು. ಮಾಸ್ತರರು, "ನಾನು ಮೂವತ್ತು ವರ್ಷ ಇದನ್ನ ಓದಿಸೀನಿ. ಒಂದು ದಿನಾನೂ ಆ ಕಡೆ ನೋಡಲಿಲ್ಲ" ಎಂದರು. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ಜನರ ಎದುರು ಈ ಮಾತು ಹೇಳುತ್ತಿದ್ದೆನೋ ಇಲ್ಲವೋ.

ಆ ಜಾಗಕ್ಕೆ ಬೇರೆ ಕಾರ್ಡು ಬೇಕಲ್ಲ? ಎಳ್ಳಮಾಸಿ ಎದುರಿಗಿತ್ತು. ಮಂಡ್ಯದ ಹುಡುಗಿ ನನ್ನನ್ನು ಕೇಳಿ ಕೇಳಿ ಭಜ್ಜಿಗೆ ಏನೇನು ಬೀಳುತ್ತದೆಂದು ಪಟ್ಟಿ ಮಾಡಿದಳು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತೆ, ಪಾಲಕ, ಬದನೆ, ಗಜ್ಜರಿ. ಮಕ್ಕಳು ಹೊಲದಿಂದ ಕಾಳು ತಂದು ಬೇರೆ ಬೇರೆ ಗುಂಪು ಮಾಡಲಿ, ಹತ್ತು ಹತ್ತು ಎಣಿಸಲಿ ಎಂದು ಗಣಿತದ ಪಾಠ ಅಲ್ಲೇ ತಯಾರಾಯಿತು. ಅವಳಿಗೆ ಆವರೆಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದೇ ಗೊತ್ತಿತ್ತು!

ಅಂದ ಹಾಗೆ, ನಿಮಗೂ ಗೊತ್ತಿರಲಿ. ನಮ್ಮ ಎಳ್ಳಮಾಸಿ ಭಜ್ಜಿ ಕರಿಯುವುದಲ್ಲ. ಮೇಲೆ ಹೇಳಿದ ಕಾಳೆಲ್ಲ ಬೇಯಿಸಿ, ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ ಹಾಕಿ, ಹಸಿಮೆಣಸು ಬೆಳ್ಳುಳ್ಳಿ ಜಜ್ಜಿ, ಹುಣಸೆ ರಸ ಬಿಟ್ಟು, ಕಡಲೆ ಹಿಟ್ಟು ಕದಡಿ ಕುದಿಸಿದರೆ ಆಯಿತು. ಕಡಲೆ ಹಿಟ್ಟು ಗಂಟಾಗದಂತೆ ತಣ್ಣೀರಲ್ಲಿ ಕದಡಿ. ಸಜ್ಜೆ ರೊಟ್ಟಿ, ಜೋಳದ ಅಂಬಲಿ ಜೊತೆಗೆ. ಗಡಿಯಾಚೆ ಲಾತೂರಿನವರೂ ಇದೇ ಹಬ್ಬವನ್ನು ವೇಳ ಅಮಾವಾಸ್ಯೆ ಎಂದು ಇದೇ ಭಜ್ಜಿಯಿಂದ ಮಾಡುತ್ತಾರೆ.

ಶುಕ್ರವಾರ ಒಬ್ಬ ವಿದ್ಯಾರ್ಥಿಯ ಮನೆಯ ಹೊಲಕ್ಕೆ ಎಲ್ಲರೂ ಹೋದೆವು. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿದರು. ಗೊಬ್ಬರ ಹಾಕಿದ್ದು ಒಬ್ಬರು, ಬಿತ್ತಿದ್ದು ಒಬ್ಬರು, ಕಳೆ ಕಿತ್ತವರು ಇನ್ನೊಬ್ಬರು, ಊಟಕ್ಕೆ ಮಾತ್ರ ಎಲ್ಲರೂ ಒಂದೇ ಪಂಕ್ತಿ. ಕಲಿಸಲು ಬಂದ ಹುಡುಗಿಗೆ ಆ ಹೆಣ್ಣು ಮಗು ತಾನೇ ಅಂಬಲಿ ತಂದು ಕೊಟ್ಟು, "ಟೀಚರ್, ಮಸರ ಹಾಕ್ಲೇನ್ರಿ?" ಎಂದಿತು.

ಆ ವಾರದಲ್ಲಿ ಎಂಟು ಮಕ್ಕಳಲ್ಲಿ ಮೂವರು ಮುಂದಿನ ಮೆಟ್ಟಿಲು ಹತ್ತಿದರು. ಐವರು ಹತ್ತಲಿಲ್ಲ. ಪವಾಡ ನಡೆಯಿತೆಂದು ಬರೆದರೆ ಸುಳ್ಳಾದೀತು. ಆ ಹುಡುಗಿ ವರ್ಗಾವಣೆಯ ಅರ್ಜಿ ಹಾಕಲಿಲ್ಲ ಎಂದೂ ಬರೆಯುವ ಆಸೆ, ಆದರೆ ಹಾಕಿದಳು. ಮದುವೆ ನಿಶ್ಚಯವಾಗಿತ್ತು, ತನ್ನ ಕಡೆ ಹೋದಳು. ಹೋಗುವಾಗ ಎಲ್ಲ ಕಾರ್ಡುಗಳ ಒಂದೊಂದು ನಕಲು ಮಾಡಿಕೊಂಡು ಹೋದಳಂತೆ. ಈಗ ಅಲ್ಲಿನ ಮಕ್ಕಳ ಮಾತು ಪಟ್ಟಿ ಮಾಡುತ್ತಿದ್ದಾಳೆ ಎಂದು ನಾದಿನಿ ಹೇಳುತ್ತಾಳೆ. ಶನಿವಾರದ ಪಡಸಾಲೆ ಮಾತ್ರ ನಿಂತಿಲ್ಲ. ಮಾಸ್ತರರು ನಿವೃತ್ತರಾದ ಮೇಲೂ ಬರುತ್ತಾರಂತೆ, ಜಗಳಕ್ಕೆ.

ನಾನು ಭಾಲ್ಕಿಗೆ ಬರುವಾಗ ಒಂದು 'ಮಸರ' ಕಾರ್ಡು ಚೀಲದಲ್ಲಿ ಇಟ್ಟುಕೊಂಡು ಬಂದೆ. ಮಗ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಟ್ಟೆ. ಎಣ್ಣೆಯ ಕೈಯಲ್ಲೇ ಎತ್ತಿ ನೋಡಿದ. ಗಟ್ಟಿಯಾಗಿ ಓದಿದ. "ಈಗ ಸಾಲಿಯಾಗ ಇದನ್ನೂ ಬರೀಲಕತ್ತಾರೇನವ್ವ?" ಎಂದ. ತಿರುವಿ ಇನ್ನೊಂದು ಬದಿಯನ್ನೂ ಓದಿದ. ಅವತ್ತು ಮೊಟಕಿದ್ದಕ್ಕೆ ನಾನು ಏನು ಹೇಳಬೇಕೆಂದಿದ್ದೆನೋ ಅದು ಬಾಯಿಗೆ ಬರಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ.

ಓದುಗ ಸೋದರಿ, ನಿಮ್ಮ ಊರಿನ ಶಾಲೆಗೂ ಒಮ್ಮೆ ಹೋಗಿ ಬನ್ನಿ. ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ತಾಯಂದಿರಿಗೂ ಜಾಗ ಇದೆ, ಸಹಿ ಮಾಡಿ ಎದ್ದು ಬರುವುದಕ್ಕಷ್ಟೇ ಅಲ್ಲ. ಅಂಕ ಎಷ್ಟು ಎಂದು ಕೇಳುವುದರ ಜೊತೆಗೆ, "ನೀವು ಟೀಚರುಗಳೆಲ್ಲ ಕೂಡಿ ಕೂರೋದು ಯಾವಾಗ?" ಎಂದೂ ಕೇಳಿ. ಕೂರಲು ಜಾಗವಿಲ್ಲ ಎಂದರೆ ನಿಮ್ಮ ಪಡಸಾಲೆ ಕೊಡಿ. ಚಹಾ ಮಾಡುತ್ತ ಕಿವಿ ಇತ್ತ ಇಟ್ಟಿರಿ. ನಮ್ಮ ಅಡಿಗೆಮನೆಯ ಯಾವ ಮಾತು ಯಾವ ಮಗುವಿನ ಬಾಯಿ ತೆರೆಸೀತೋ ಹೇಳಲಾಗದು.

ಎಳ್ಳಮಾಸಿಯ ಹೊತ್ತಿಗೆ ನಮ್ಮ ಕಡೆ ಬಂದರೆ ಭಜ್ಜಿ ನಮ್ಮ ಮನೆಯದು.